ದೂರದರ್ಶನದ ವಿಜ್ಞಾನಪಾಠವೂ ಮನೆಯ ಪ್ರಶ್ನೆಗಳೂ

ವಿಜ್ಞಾನವು ಶಾಲೆಯ ನಾಲ್ಕು ಗೋಡೆಗಳೊಳಗೆ ಮಾತ್ರ ಕಲಿಯತಕ್ಕ ವಿಷಯವೆಂಬ ಭಾವನೆ ನಮ್ಮಲ್ಲಿ ಅನೇಕರಿಗೆ ಇನ್ನೂ ಉಂಟು. ಆದರೆ ಒಲೆಯು ಉರಿಯುವುದು, ಹಾಲು ಹೆಪ್ಪಾಗುವುದು, ಮಗುವಿಗೆ ಜ್ವರ ಬಂದು ಇಳಿಯುವುದು, ದೂರದೇಶದಲ್ಲಿರುವ ಮಗಳ ಮುಖವು ಅಂಗೈಯಗಲದ ಯಂತ್ರದಲ್ಲಿ ಕಾಣಿಸುವುದು, ಇವೆಲ್ಲವೂ ಮನೆಯೊಳಗೇ ನಡೆಯುವ ಸಂಗತಿಗಳಲ್ಲವೇ? ಇವುಗಳ ಕಾರಣವನ್ನು ಕೇಳುವುದೇ ವಿಜ್ಞಾನದ ಆರಂಭ. ಹೀಗಿದ್ದರೂ ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಹತ್ತನೆಯ ತರಗತಿಯ ಪರೀಕ್ಷೆ ಮುಗಿದೊಡನೆ ವಿಜ್ಞಾನದ ಪುಸ್ತಕವನ್ನು ಕಪಾಟಿನಲ್ಲಿಟ್ಟು, ಅದರ ಸಂಗಡ ತಮ್ಮ ಪ್ರಶ್ನೆಗಳನ್ನೂ ಇಟ್ಟುಬಿಡುತ್ತಾರೆ. ಇದು ಶಿಕ್ಷಕಿಯರಾದ ನಮಗೆ ವ್ಯಸನವನ್ನುಂಟುಮಾಡುವ ವಿಷಯ.

ಶಾಲೆಯ ಹೊರಗೂ ವಿಜ್ಞಾನವನ್ನೂ ಆರೋಗ್ಯಜ್ಞಾನವನ್ನೂ ಜನರಿಗೆ ತಲುಪಿಸಬೇಕೆಂದು ನಮ್ಮ ದೇಶದ ಸಾರ್ವಜನಿಕ ಪ್ರಸಾರ ಸಂಸ್ಥೆಯು ಹಿಂದೆ ಮಾಡಿದ ಎರಡು ಪ್ರಯತ್ನಗಳನ್ನು ಇಲ್ಲಿ ವಿವರಿಸಿ, ಅವುಗಳಿಂದ ನಮ್ಮ ಮನೆಗಳಿಗೆ ದೊರೆಯುವ ಪಾಠವೇನೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಈ ಎರಡಕ್ಕೂ ನಮ್ಮ ಕನ್ನಡ ನಾಡಿನ ಸಂಬಂಧವುಂಟು. ಓದುವಾಗ ಗೊಂದಲವಾಗದಂತೆ, ಪ್ರಸಾರ ಸಂಸ್ಥೆಯನ್ನು ದೂರದರ್ಶನವೆಂದೂ, ನೋಡುವ ಪೆಟ್ಟಿಗೆಯನ್ನು ಟೆಲಿವಿಷನ್ ಎಂದೂ ಕರೆಯುವೆನು.

೧. ಹಳ್ಳಿಯ ಅಂಗಳಕ್ಕೆ ಬಂದ ಪಾಠಶಾಲೆ

ಭಾರತದಲ್ಲಿ ಟೆಲಿವಿಷನ್ ಪ್ರಸಾರವು ೧೯೫೯ನೆಯ ಸೆಪ್ಟೆಂಬರ್ ೧೫ರಂದು ದೆಹಲಿಯಲ್ಲಿ ಪ್ರಯೋಗರೂಪದಲ್ಲಿ ಮೊದಲಾಯಿತು. ಬಹುಕಾಲದವರೆಗೆ ಅದು ಕೆಲವು ದೊಡ್ಡ ಪಟ್ಟಣಗಳ ವಸ್ತುವಾಗಿಯೇ ಉಳಿಯಿತು. ಏಕೆಂದರೆ ಪ್ರಸಾರದ ಗೋಪುರದಿಂದ ಹೊರಡುವ ಅಲೆಗಳು ನೆಟ್ಟಗೆ ಸಾಗುವುದರಿಂದ, ಭೂಮಿಯ ದುಂಡನೆಯ ಆಕಾರದ ನಿಮಿತ್ತ ಬಹುದೂರದ ಊರುಗಳನ್ನು ಮುಟ್ಟಲಾರವು. ದೇಶವೆಲ್ಲಾ ಗೋಪುರಗಳನ್ನು ಕಟ್ಟಬೇಕಾದರೆ ದಶಕಗಳೇ ಬೇಕು. ಆಕಾಶದಲ್ಲಿಯೇ ಒಂದು ಗೋಪುರವಿದ್ದರೆ ಹೇಗೆ? ಡಾ. ವಿಕ್ರಮ್ ಸಾರಾಭಾಯಿಯವರ ಮನಸ್ಸಿನಲ್ಲಿದ್ದುದು ಇದೇ ಆಲೋಚನೆ. ೧೯೬೯ರಲ್ಲಿ ಭಾರತಕ್ಕೂ ಅಮೆರಿಕದ ನಾಸಾ ಸಂಸ್ಥೆಗೂ ಈ ವಿಷಯದಲ್ಲಿ ಒಪ್ಪಂದವಾಯಿತು. ಸಾರಾಭಾಯಿಯವರು ೧೯೭೧ರ ಡಿಸೆಂಬರಿನಲ್ಲಿ ತೀರಿಕೊಂಡದ್ದರಿಂದ ತಮ್ಮ ಆಲೋಚನೆಯು ಕಾರ್ಯಕ್ಕೆ ಬಂದುದನ್ನು ಅವರು ಕಾಣಲಿಲ್ಲ. ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರದ ಮೊದಲ ನಿರ್ದೇಶಕರಾದ ಪ್ರೊಫೆಸರ್ ಯಶಪಾಲರ ಕಾಲದಲ್ಲಿ ಅದು ನೆರವೇರಿತು.

ಈ ಪ್ರಯೋಗಕ್ಕೆ ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ‘ಸೈಟ್’ ಎಂದು ಹೆಸರಾಯಿತು. ಉಪಗ್ರಹದ ಮೂಲಕ ಟೆಲಿವಿಷನ್ ಬೋಧನೆಯ ಪ್ರಯೋಗವೆಂದು ಅದರ ಅರ್ಥ. ೧೯೭೫ನೆಯ ಆಗಸ್ಟ್ ೧ರಿಂದ ೧೯೭೬ನೆಯ ಜುಲೈ ೩೧ರವರೆಗೆ, ಸರಿಯಾಗಿ ಒಂದು ವರ್ಷ, ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಪಾಠವು ಆಕಾಶದಿಂದ ಇಳಿದುಬಂದಿತು. ಆ ಆರರಲ್ಲಿ ಕರ್ನಾಟಕವೂ ಒಂದು. ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಇದಕ್ಕೆ ಆರಿಸಲ್ಪಟ್ಟು, ಅಲ್ಲಿಗೆ ಕನ್ನಡದಲ್ಲಿಯೇ ಕಾರ್ಯಕ್ರಮಗಳು ಬಂದವು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು ಆರಂಭವಾದುದು ೧೯೮೧ರಲ್ಲಿ. ಎಂದರೆ ರಾಜಧಾನಿಗೆ ತನ್ನದೇ ಆದ ಕೇಂದ್ರವು ಬರುವುದಕ್ಕೆ ಆರು ವರ್ಷ ಮುಂಚೆಯೇ ಈ ಮೂರು ಜಿಲ್ಲೆಗಳ ರೈತರು ತಮ್ಮ ಊರಿನ ಶಾಲೆಯ ಅಥವಾ ಪಂಚಾಯಿತಿಯ ಅಂಗಳದಲ್ಲಿ ಕುಳಿತು ಟೆಲಿವಿಷನ್ ನೋಡಿದ್ದರು.

ಇದು ಸಾಧ್ಯವಾದ ಬಗೆಯನ್ನು ಮಕ್ಕಳಿಗೆ ಹೀಗೆ ಹೇಳಬಹುದು. ಭೂಮಧ್ಯರೇಖೆಯ ಮೇಲ್ಗಡೆ ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹವು, ಭೂಮಿಯು ತನ್ನ ಸುತ್ತ ಒಮ್ಮೆ ತಿರುಗುವ ಕಾಲದಲ್ಲಿಯೇ ತಾನೂ ಭೂಮಿಯನ್ನು ಒಂದು ಸುತ್ತು ಸುತ್ತುತ್ತದೆ. ಜಾತ್ರೆಯ ತಿರುಗುವ ಕುದುರೆಯಾಟದಲ್ಲಿ ಹಿಂದುಮುಂದಾಗಿ ಕುಳಿತ ಇಬ್ಬರು ಮಕ್ಕಳು, ತಾವು ಸುತ್ತುತ್ತಿದ್ದರೂ ಒಬ್ಬರಿಗೊಬ್ಬರು ಇದ್ದಲ್ಲಿಯೇ ಇರುವಂತೆ ಕಾಣುವರಷ್ಟೆ. ಅದೇ ರೀತಿಯಲ್ಲಿ ಆ ಉಪಗ್ರಹವು ನಮಗೆ ಆಕಾಶದ ಒಂದೇ ಸ್ಥಳದಲ್ಲಿ ನಿಂತಂತೆ ತೋರುತ್ತದೆ. ಎ.ಟಿ.ಎಸ್.-೬ ಎಂಬ ಆ ಉಪಗ್ರಹಕ್ಕೆ ಒಂಬತ್ತು ಮೀಟರಿಗೂ ಮಿಗಿಲಾದ ಅಗಲದ ಬಿಚ್ಚುಕೊಡೆಯಂತಹ ಆಂಟೆನಾ ಇದ್ದಿತು. ಅದು ಕಳುಹಿಸುವ ಅಲೆಗಳು ಬಲವಾಗಿದ್ದುದರಿಂದ, ಹಳ್ಳಿಯಲ್ಲಿ ಕೋಳಿಗೂಡಿಗೆ ಹಾಕುವಂತಹ ತಂತಿಯ ಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಬೋಗುಣಿಯಾಕಾರದ ಆಂಟೆನಾವೇ ಅವುಗಳನ್ನು ಹಿಡಿಯಲು ಸಾಕಾಯಿತು.

ದಿನಕ್ಕೆ ನಾಲ್ಕು ಗಂಟೆಗಳ ಪ್ರಸಾರ. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾಮಕ್ಕಳಿಗೆ. ಸಾಯಂಕಾಲ ಎರಡೂವರೆ ಗಂಟೆ ದೊಡ್ಡವರಿಗೆ. ಬೇಸಾಯ, ಆರೋಗ್ಯ, ಮಿತಸಂತಾನ, ಶುಚಿತ್ವ ಮುಂತಾದುವು ಸಾಯಂಕಾಲದ ವಿಷಯಗಳು. ಆದರೆ ಈ ಪ್ರಯೋಗದಲ್ಲಿ ಶಿಕ್ಷಕಿಯಾದ ನನಗೆ ಅತ್ಯಂತ ಮಹತ್ತ್ವದ್ದಾಗಿ ತೋರುವ ಅಂಶವು ಬೇರೊಂದಿದೆ. ಅದೇ ವರ್ಷದಲ್ಲಿ ಸುಮಾರು ೫೦,೦೦೦ ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ವಿಜ್ಞಾನ ಬೋಧನೆಯಲ್ಲಿ ತರಬೇತಿ ಕೊಡಲಾಯಿತು. ಆ ತರಬೇತಿಯು ಪರದೆಯನ್ನು ಮಾತ್ರ ನಂಬಿರಲಿಲ್ಲ. ನೋಡಿದ ಬಳಿಕ ಚರ್ಚೆ, ರೇಡಿಯೋ ಪಾಠ, ಅಚ್ಚಾದ ಮಾರ್ಗದರ್ಶಿ, ಕೈಯಿಂದ ಮಾಡತಕ್ಕ ಚಟುವಟಿಕೆಗಳು, ಇಷ್ಟೂ ಅದರ ಸಂಗಡ ಇದ್ದವು. ಪರದೆಯ ಈಚೆಗೆ ಒಬ್ಬ ಮನುಷ್ಯನಿದ್ದು ಪಾಠವನ್ನು ಮುಂದುವರಿಸಬೇಕೆಂಬುದನ್ನು ಆ ಯೋಜಕರು ಚೆನ್ನಾಗಿ ಬಲ್ಲವರಾಗಿದ್ದರು.

ಒಂದು ವರ್ಷ ತುಂಬಿತು. ಎರವಲು ತಂದ ಉಪಗ್ರಹವು ಹಿಂದಿರುಗಿ ಹೋಯಿತು. ೧೯೭೭ರಲ್ಲಿ ಗುಲ್ಬರ್ಗಾದಲ್ಲಿ ಒಂದು ಪ್ರಸಾರಕೇಂದ್ರವು ಸ್ಥಾಪಿತವಾಗಿ ಸುತ್ತಲಿನ ಕೆಲವು ಹಳ್ಳಿಗಳಿಗೆ ಕಾರ್ಯಕ್ರಮಗಳು ಮತ್ತೆ ದೊರೆತವಾದರೂ, ಮೊದಲಿನ ವಿಸ್ತಾರವು ಒಡನೆಯೇ ಬರಲಿಲ್ಲ.

೨. ಪ್ರಶ್ನೆಗೆ ಮರ್ಯಾದೆ ಕೊಟ್ಟ ಕಾರ್ಯಕ್ರಮ

ಎರಡನೆಯ ಪ್ರಯತ್ನವು ೧೯೯೦ರ ದಶಕದ ಮೊದಲ ವರ್ಷಗಳದು. ಅಷ್ಟರಲ್ಲಿ ಟೆಲಿವಿಷನ್ ಪೆಟ್ಟಿಗೆಯು ಊರೂರಿಗೂ ಬಂದಿದ್ದಿತು. ಆಗ ದೂರದರ್ಶನವು ‘ಟರ್ನಿಂಗ್ ಪಾಯಿಂಟ್’ ಎಂಬ ವಿಜ್ಞಾನದ ಸರಣಿಯನ್ನು ಪ್ರಸಾರ ಮಾಡಿತು. ಸರಣಿಯ ನಿರೂಪಕರಾಗಿ ಪರದೆಯ ಮೇಲೆ ಬಂದವರು ನಮ್ಮ ಕನ್ನಡದ ನಾಟಕಕಾರರಾದ ಗಿರೀಶ ಕಾರ್ನಾಡರು. ‘ಯಯಾತಿ’, ‘ತುಘಲಕ್’ಗಳನ್ನು ಬರೆದವರಿಗೆ ವಿಜ್ಞಾನದ ಗೊಡವೆಯೇಕೆಂದು ಕೆಲವರಿಗೆ ತೋರಬಹುದು. ಅವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತವನ್ನೂ ಸಂಖ್ಯಾಶಾಸ್ತ್ರವನ್ನೂ ವ್ಯಾಸಂಗ ಮಾಡಿ ೧೯೫೮ರಲ್ಲಿ ಪದವೀಧರರಾದವರೆಂಬುದನ್ನು ನೆನೆದರೆ ಆಶ್ಚರ್ಯವು ಉಳಿಯದು. ಸಾಹಿತ್ಯವನ್ನು ಪ್ರೀತಿಸುವವರು ವಿಜ್ಞಾನದಿಂದ ದೂರವಿರಬೇಕೆಂಬ ನಿಯಮವೇನೂ ಇಲ್ಲವೆಂದು ನಮ್ಮ ವಿದ್ಯಾರ್ಥಿನಿಯರಿಗೆ ತೋರಿಸಿಕೊಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಆ ಸರಣಿಯ ಜೀವಾಳವಾಗಿದ್ದವರು ಮೇಲೆ ಹೇಳಿದ ಪ್ರೊಫೆಸರ್ ಯಶಪಾಲರೇ. ೧೯೨೬ರಲ್ಲಿ ಜನಿಸಿದ ಇವರು ವಿಶ್ವಕಿರಣಗಳ ವಿಷಯದಲ್ಲಿ ಸಂಶೋಧನೆ ಮಾಡಿದ ಭೌತವಿಜ್ಞಾನಿಗಳು. ೧೯೮೬ರಿಂದ ೧೯೯೧ರವರೆಗೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಅಧ್ಯಕ್ಷರು. ಇಷ್ಟು ದೊಡ್ಡ ಪದವಿಗಳಲ್ಲಿದ್ದವರು ಸರಣಿಯಲ್ಲಿ ಮಾಡುತ್ತಿದ್ದ ಕೆಲಸವೇನೆಂದರೆ, ನೋಡುಗರು ಕಳುಹಿಸಿದ ಪ್ರಶ್ನೆಗಳಿಗೆ ಉತ್ತರ ಹೇಳುವುದು. ಬಿಳಿಯ ಕೂದಲಿನ ಹಿರಿಯರೊಬ್ಬರು ಕೃತಕವಾದ ಗಾಂಭೀರ್ಯವಿಲ್ಲದೆ, ಮನೆಯ ಅಜ್ಜನು ಮಾತನಾಡುವಂತೆ, ಎಲ್ಲಿಯೋ ಒಂದೂರಿನ ಬಾಲಕನೋ ಬಾಲಕಿಯೋ ಕೇಳಿದ್ದನ್ನು ಎತ್ತಿಕೊಂಡು ವಿಚಾರಿಸುತ್ತಿದ್ದರು. ನಾನು ಆಗ ಹೈಸ್ಕೂಲಿನ ವಿದ್ಯಾರ್ಥಿನಿ. ಉತ್ತರಗಳಲ್ಲಿ ಅನೇಕವು ಇಂದು ನೆನಪಿಲ್ಲ. ಚಿಕ್ಕವರ ಪ್ರಶ್ನೆಯನ್ನು ದೊಡ್ಡ ವಿದ್ವಾಂಸರೊಬ್ಬರು ನಗೆಯಾಡದೆ ಕೈಗೆತ್ತಿಕೊಂಡರೆಂಬುದು ಮಾತ್ರ ಮನಸ್ಸಿನಲ್ಲಿ ನಿಂತಿದೆ.

ಇದೇ ಯಶಪಾಲರ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರವು ನೇಮಿಸಿದ ಸಮಿತಿಯೊಂದು ೧೯೯೩ರಲ್ಲಿ ಶಾಲಾಮಕ್ಕಳ ಹೊರೆಯ ವಿಷಯವಾಗಿ ವರದಿಯನ್ನು ಒಪ್ಪಿಸಿತು. ಪುಸ್ತಕದ ಚೀಲದ ತೂಕಕ್ಕಿಂತಲೂ ಅರ್ಥವಾಗದ ಪಾಠದ ಹೊರೆಯೇ ಮಗುವಿಗೆ ಹೆಚ್ಚು ಭಾರವೆಂಬುದು ಆ ವರದಿಯ ತಿರುಳು. ಪರದೆಯ ಮೇಲೆ ಪ್ರಶ್ನೆಗಳನ್ನು ಆದರಿಸಿದವರೇ ಶಾಲೆಯಲ್ಲಿಯೂ ಪ್ರಶ್ನೆಗೆ ಎಡೆಯಿರಬೇಕೆಂದು ವಾದಿಸಿದರು. ೨೦೧೭ನೆಯ ಜುಲೈ ತಿಂಗಳಲ್ಲಿ ಅವರು ಕಾಲವಾದರು, ಕಾರ್ನಾಡರು ೨೦೧೯ರಲ್ಲಿ.

೩. ಮೂರು ಗ್ರಹಣಗಳು

ವಿಜ್ಞಾನದ ಪ್ರಸಾರದಿಂದ ಜನರ ನಡತೆಯಲ್ಲಿ ವ್ಯತ್ಯಾಸವಾದೀತೇ ಎಂಬುದನ್ನು ಪರೀಕ್ಷಿಸಲು ಗ್ರಹಣಕ್ಕಿಂತ ತಕ್ಕ ನಿದರ್ಶನವು ದೊರೆಯಲಾರದು.

೧೯೮೦ನೆಯ ಫೆಬ್ರವರಿ ೧೬ರ ಮಧ್ಯಾಹ್ನ ಖಗ್ರಾಸ ಸೂರ್ಯಗ್ರಹಣದ ನೆರಳು ನಮ್ಮ ನಾಡಿನ ಮೇಲೆಯೇ ಹಾದುಹೋಯಿತು. ಅಂಕೋಲೆಯ ಕರಾವಳಿಯಿಂದ ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಸಾಗಿದ ಆ ನೆರಳನ್ನು ಕಾಣಲು ದೂರದೂರದ ವಿಜ್ಞಾನಿಗಳು ಬಂದು ಬಿಡಾರ ಮಾಡಿದ್ದರು. ಊರಿನವರಾದರೋ ಬಹುಮಟ್ಟಿಗೆ ಬಾಗಿಲು ಮುಚ್ಚಿಕೊಂಡು ಒಳಗಿದ್ದರು. ಜನರು ಹೊರಗೆ ಬಂದು ಕಣ್ಣು ಕೆಡಿಸಿಕೊಳ್ಳದಿರಲೆಂದು ದೂರದರ್ಶನವು ಆ ಹೊತ್ತಿಗೆ ಒಂದು ಹಿಂದಿ ಚಲನಚಿತ್ರವನ್ನು ಪ್ರದರ್ಶಿಸಿತು. ಎಷ್ಟೋ ತಲೆಮಾರುಗಳಿಗೊಮ್ಮೆ ಒಂದೂರಿಗೆ ಲಭಿಸುವ ದೃಶ್ಯವು ತಲೆಯ ಮೇಲೆಯೇ ನಡೆದು ಮುಗಿಯಿತು.

೧೯೯೫ನೆಯ ಅಕ್ಟೋಬರ್ ೨೪ರಂದು, ದೀಪಾವಳಿಯ ದಿನಗಳಲ್ಲಿಯೇ, ಮತ್ತೊಂದು ಖಗ್ರಾಸ ಗ್ರಹಣವು ಬಂದಿತು. ಈ ಬಾರಿ ನೆರಳಿನ ಹಾದಿಯು ರಾಜಸ್ಥಾನದಿಂದ ಬಂಗಾಳದವರೆಗೆ ಇದ್ದಿತು. ಕರ್ನಾಟಕದಲ್ಲಿ ಕಂಡುದು ಪಾರ್ಶ್ವಗ್ರಹಣ ಮಾತ್ರ. ದೂರದರ್ಶನವು ಹದಿನೈದು ವರ್ಷಗಳ ಹಿಂದೆ ಮಾಡಿದುದಕ್ಕೆ ತೀರ ವಿರುದ್ಧವಾದುದನ್ನು ಮಾಡಿತು. ಗ್ರಹಣವನ್ನೇ ನೇರವಾಗಿ ದೇಶಕ್ಕೆಲ್ಲಾ ತೋರಿಸಿತು. ಯಶಪಾಲರು ಸಂಗಡವಿದ್ದು ವಿವರಿಸಿದರು. ರಾಜಸ್ಥಾನದ ನೀಮ್ ಕಾ ಥಾನಾದಲ್ಲಿ ಪೂರ್ಣಗ್ರಹಣವಿದ್ದುದು ಒಂದು ನಿಮಿಷಕ್ಕಿಂತಲೂ ಕಡಿಮೆ ಹೊತ್ತು. ಚಂದ್ರನ ಅಂಚಿನ ಕಣಿವೆಯೊಂದರ ಮೂಲಕ ಸೂರ್ಯನ ಕೊನೆಯ ಬೆಳಕು ವಜ್ರದ ಉಂಗುರದಂತೆ ಹೊಳೆದುದನ್ನೂ, ಸುತ್ತಲೂ ಮುತ್ತಿನ ಬಣ್ಣದ ಪ್ರಭಾವಲಯವು ಹರಡಿದುದನ್ನೂ ಅಡುಗೆಮನೆಯಿಂದ ಬಂದು ನಿಂತ ತಾಯಂದಿರೂ ಕಂಡರು.

ಈ ದೃಶ್ಯಕ್ಕೆ ಕಾರಣವು ಬಹು ಸರಳವಾದುದು. ಸೂರ್ಯನ ವ್ಯಾಸವು ಚಂದ್ರನ ವ್ಯಾಸಕ್ಕಿಂತ ಸುಮಾರು ೪೦೦ ಪಟ್ಟು ದೊಡ್ಡದು. ಸೂರ್ಯನು ಚಂದ್ರನಿಗಿಂತ ಸುಮಾರು ೪೦೦ ಪಟ್ಟು ದೂರದಲ್ಲಿಯೂ ಇದ್ದಾನೆ. ಆದುದರಿಂದ ನಮ್ಮ ಕಣ್ಣಿಗೆ ಎರಡು ಬಿಂಬಗಳೂ ಒಂದೇ ಅಳತೆಯವಾಗಿ ಕಂಡು, ಒಂದು ಇನ್ನೊಂದನ್ನು ಮುಚ್ಚಬಲ್ಲದು. ಗ್ರಹಣಕಾಲದಲ್ಲಿ ಸೂರ್ಯನಿಂದ ಹೊಸ ವಿಷಕಿರಣಗಳು ಯಾವುವೂ ಹೊರಡುವುದಿಲ್ಲ. ಗರ್ಭಿಣಿಗಾಗಲಿ ಮಗುವಿಗಾಗಲಿ ಬೇಯಿಸಿದ ಅನ್ನಕ್ಕಾಗಲಿ ಅದರಿಂದ ಕೇಡಿಲ್ಲ. ಅಪಾಯವಿರುವುದು ಬರಿಗಣ್ಣಿನಿಂದ ಸೂರ್ಯನನ್ನು ದಿಟ್ಟಿಸುವುದರಲ್ಲಿ. ಕಣ್ಣಿನ ಒಳಪರದೆಗೆ ನೋವನ್ನು ತಿಳಿಯುವ ನರಗಳಿಲ್ಲದ ಕಾರಣ ಅದು ಸುಟ್ಟುದೇ ಗೊತ್ತಾಗುವುದಿಲ್ಲ. ಈ ಎರಡನ್ನೂ ಬೇರೆಬೇರೆಯಾಗಿ ತಿಳಿದವಳು ಬಸುರಿ ಸೊಸೆಯನ್ನು ಹಸಿವಿನಲ್ಲಿ ಕತ್ತಲೆಯ ಕೋಣೆಯಲ್ಲಿ ಕೂರಿಸಳು; ಮಕ್ಕಳನ್ನು ಕನ್ನಡಕವಿಲ್ಲದೆ ಆಕಾಶ ನೋಡಲೂ ಬಿಡಳು.

ಇಷ್ಟಕ್ಕೇ ಕಥೆಯು ಮುಗಿದಿದ್ದರೆ ನಾವು ಸಂತೋಷಪಡಬಹುದಾಗಿದ್ದಿತು. ೨೦೧೯ನೆಯ ಡಿಸೆಂಬರ್ ೨೬ರಂದು ಕಂಕಣ ಗ್ರಹಣವು ಮಂಗಳೂರು, ಕೊಡಗುಗಳ ಮೇಲೆ ಹಾದುಹೋದಾಗ ಸಾವಿರಾರು ಮಕ್ಕಳು ತಕ್ಕ ಕನ್ನಡಕಗಳನ್ನು ಧರಿಸಿ ಉಂಗುರವನ್ನು ನೋಡಿ ನಲಿದರು. ಅದೇ ದಿನ, ಅದೇ ಹೊತ್ತಿನಲ್ಲಿ, ಕಲಬುರಗಿ ಜಿಲ್ಲೆಯಲ್ಲಿ ಅಂಗವೈಕಲ್ಯವುಳ್ಳ ಮಕ್ಕಳನ್ನು ಗುಣವಾಗಲೆಂಬ ಆಸೆಯಿಂದ ಕತ್ತಿನವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರೆಂಬ ಸುದ್ದಿಯು ಪತ್ರಿಕೆಗಳಲ್ಲಿ ಬಂದಿತು. ೧೯೭೫ರಲ್ಲಿ ಆಕಾಶದಿಂದ ವಿಜ್ಞಾನದ ಪಾಠವು ಇಳಿದುಬಂದ ಜಿಲ್ಲೆಗಳಲ್ಲಿ ಅದೂ ಒಂದೆಂಬುದನ್ನು ವಾಚಕರು ಮರೆತಿರಲಾರರು.

ಆ ತಂದೆತಾಯಿಗಳನ್ನು ಹಳಿಯುವುದು ಸುಲಭ, ನಾನು ಹಳಿಯಲಾರೆ. ನಡೆಯಲಾರದ ಮಗುವನ್ನು ವರ್ಷಗಟ್ಟಲೆ ಹೊತ್ತು ಸಾಕಿದವರು ಯಾವ ಭರವಸೆಯ ಕಡೆಗೂ ಕೈಚಾಚುವರು. ಅವರಿಗೆ ಬೇಕಾಗಿದ್ದುದು, ‘ಇದರಿಂದ ಗುಣವಾದ ಮಗುವನ್ನು ನೀವು ಕಂಡಿದ್ದೀರಾ? ಯಾವ ವೈದ್ಯರನ್ನು ಕೇಳಿದಿರಿ?’ ಎಂದು ಪ್ರೀತಿಯಿಂದ ವಿಚಾರಿಸುವ ಓದುಬಲ್ಲ ಹೆಣ್ಣುಮಗಳೊಬ್ಬಳು ಅದೇ ಓಣಿಯಲ್ಲಿ ಇರುವುದು. ವರ್ಷವೊಂದರ ಪ್ರಸಾರವಾಗಲಿ, ಅರ್ಧ ಗಂಟೆಯ ಸರಣಿಯಾಗಲಿ ಬೀಜವನ್ನು ಬಿತ್ತಬಲ್ಲದು. ನೀರೆರೆಯುವುದು ಮನೆಯವರ, ನೆರೆಯವರ ಕೆಲಸ. ಹಳೆಯ ವಿದ್ಯಾರ್ಥಿನಿಯರೇ, ಆ ಓಣಿಯ ಹೆಣ್ಣುಮಗಳು ನೀವೇ ಆಗಬೇಕೆಂಬುದು ನನ್ನ ಬಿನ್ನಹ.

೪. ನೋಡಿದುದು ಕಲಿತುದಾಗುವ ಬಗೆ

ಪರದೆಯಲ್ಲಿ ಕಂಡುದನ್ನು ನಮ್ಮದಾಗಿ ಮಾಡಿಕೊಳ್ಳುವ ಕ್ರಮವನ್ನು ಒಂದು ಉದಾಹರಣೆಯಿಂದ ತಿಳಿಸುವೆನು. ಭೇದಿಯಾದ ಮಗುವಿಗೆ ಉಪ್ಪುಸಕ್ಕರೆಯ ನೀರು ಕುಡಿಸುವುದನ್ನು ದೂರದರ್ಶನದಲ್ಲಿ ಎಷ್ಟೋ ಸಲ ತೋರಿಸಿದ್ದಾರೆ. ನೋಡದವರು ವಿರಳ. ಆದರೂ ತರಗತಿಯಲ್ಲಿ ಅಳತೆಯನ್ನು ಕೇಳಿದರೆ ಒಬ್ಬಳು ಹಿಡಿ ಎನ್ನುವಳು, ಒಬ್ಬಳು ಚಿಟಿಕೆ ಎನ್ನುವಳು.

ಸರಿಯಾದ ಅಳತೆ ಇದು: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ತಲೆಗೀಟಿದ ಆರು ಟೀ ಚಮಚ ಸಕ್ಕರೆ, ತಲೆಗೀಟಿದ ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಆರೋಗ್ಯ ಕೇಂದ್ರದಲ್ಲಿ ದೊರೆಯುವ ಪೊಟ್ಟಣವಿದ್ದರೆ ಅದೇ ಉತ್ತಮ. ಸಕ್ಕರೆ ಏಕೆ ಬೇಕೆಂದು ಕೇಳಬೇಕು. ಸಣ್ಣ ಕರುಳಿನ ಗೋಡೆಯಲ್ಲಿ ಸಕ್ಕರೆಯೂ ಉಪ್ಪೂ ಜೊತೆಗೂಡಿ ಒಳಕ್ಕೆ ಹೋಗುತ್ತವೆ. ಅವುಗಳ ಹಿಂದೆ ನೀರೂ ಹೋಗುತ್ತದೆ. ಬರಿಯ ನೀರು ಕುಡಿಸಿದರೆ ಈ ಪ್ರಯೋಜನವಿಲ್ಲ. ೧೯೭೧ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರಗಳಲ್ಲಿ ವಾಂತಿಭೇದಿ ಹರಡಿದಾಗ ಡಾ. ದಿಲೀಪ್ ಮಹಲನಬೀಸರು ಇಂತಹ ದ್ರಾವಣದಿಂದಲೇ ಅಸಂಖ್ಯಾತ ಪ್ರಾಣಗಳನ್ನು ಉಳಿಸಿದರು.

ಈಗ ಮಗಳ ಕೈಗೆ ಚಮಚವನ್ನೂ ಪಾತ್ರೆಯನ್ನೂ ಕೊಟ್ಟು ಮಾಡಿಸಿರಿ. ಕಣ್ಣೀರಿಗಿಂತ ಉಪ್ಪಾಗಿರಬಾರದೆಂದು ರುಚಿ ನೋಡಿಸಿರಿ. ಮಗುವು ಕುಡಿಯಲಾರದಷ್ಟು ಸೊರಗಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಮಲದಲ್ಲಿ ರಕ್ತವಿದ್ದರೆ ತಡಮಾಡದೆ ವೈದ್ಯರ ಬಳಿಗೆ ಒಯ್ಯತಕ್ಕದ್ದೆಂದು ತಿಳಿಸಿರಿ. ಹೀಗೆ ಕಾಣುವುದು, ಕಾರಣ ಕೇಳುವುದು, ಕೈಯಿಂದ ಮಾಡುವುದು, ತನ್ನ ಮಿತಿಯನ್ನು ಅರಿಯುವುದು ಎಂಬ ನಾಲ್ಕು ಮೆಟ್ಟಿಲುಗಳನ್ನು ಹತ್ತಿದ ಮೇಲೆ ಆ ಪಾಠವು ಅವಳದಾಯಿತು.

೫. ತಂದೆತಾಯಿಗಳಿಗೆ ಕೆಲವು ಸೂಚನೆಗಳು

ಇಂದು ಸರಣಿಗಾಗಿ ವಾರವಿಡೀ ಕಾಯಬೇಕಾದುದಿಲ್ಲ. ವಿಜ್ಞಾನದ ಚಿತ್ರಗಳು ಮೊಬೈಲಿನಲ್ಲಿ ಯಾವ ಹೊತ್ತಿಗೂ ದೊರೆಯುತ್ತವೆ. ಅವುಗಳ ಜೊತೆಯಲ್ಲಿಯೇ ಸುಳ್ಳು ಮದ್ದುಗಳೂ ಭಯದ ಮಾತುಗಳೂ ದೊರೆಯುತ್ತವೆ. ಆದುದರಿಂದ ಮೂರು ವಿಚಾರಗಳನ್ನು ರೂಢಿಮಾಡಿಸಿರಿ. ಹೇಳುವವರು ಯಾರು, ಅವರಿಗೆ ಅದು ಹೇಗೆ ತಿಳಿಯಿತು, ತಪ್ಪಾಗಿದ್ದರೆ ಕಂಡುಹಿಡಿಯುವುದು ಹೇಗೆ? ಮೂರಕ್ಕೂ ಉತ್ತರವಿಲ್ಲದ ಆರೋಗ್ಯದ ಸಲಹೆಯನ್ನು ಮುಂದಕ್ಕೆ ಕಳುಹಿಸಲಾಗದು.

ಎರಡನೆಯದಾಗಿ, ಮನೆಯವರೆಲ್ಲರೂ ಕುಳಿತು ನೋಡುವಾಗ ಮಗನು ಕುರ್ಚಿಯಲ್ಲಿಯೂ ಮಗಳು ಕಾಫಿಯ ತಟ್ಟೆ ಹಿಡಿದು ಬಾಗಿಲಿನಲ್ಲಿಯೂ ಇರುವುದು ಈಗಲೂ ಅನೇಕ ಮನೆಗಳಲ್ಲಿ ಉಂಟು. ಅರ್ಧ ಗಂಟೆ ಕೆಲಸ ನಿಂತರೆ ನಷ್ಟವಿಲ್ಲ, ಅವಳನ್ನೂ ಕುಳ್ಳಿರಿಸಿರಿ.

ಮೂರನೆಯದಾಗಿ, ಮಗಳು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿಲ್ಲದಿದ್ದರೆ, ‘ನಿನಗೇಕೆ ಅದೆಲ್ಲ?’ ಎನ್ನದೆ, ‘ನನಗೂ ತಿಳಿಯದು, ಹುಡುಕೋಣ’ ಎನ್ನಿರಿ. ತಾಯಿಯ ಮರ್ಯಾದೆಗೆ ಇದರಿಂದ ಕುಂದು ಬಾರದು. ಅವಳು ಬರೆದಿಟ್ಟುಕೊಳ್ಳಲೆಂದು ಒಂದು ನೋಟುಪುಸ್ತಕವನ್ನು ಕೊಡಿಸಿ, ಶಾಲೆಗೆ ಕಳುಹಿಸಿರಿ. ಅದನ್ನು ಓದಲು ನಾವು ಶಿಕ್ಷಕಿಯರು ಸಿದ್ಧರಾಗಿದ್ದೇವೆ.

ಮನೆಯಲ್ಲಿ ಮಾಡತಕ್ಕ ಅಭ್ಯಾಸ

(೧) ಒಂದು ರಟ್ಟಿನಲ್ಲಿ ಸೂಜಿಯಿಂದ ರಂಧ್ರ ಮಾಡಿ, ಬಿಸಿಲಿಗೆ ಬೆನ್ನು ತಿರುಗಿಸಿ ನಿಂತು, ರಂಧ್ರದ ಮೂಲಕ ಬಂದ ಬೆಳಕನ್ನು ಬಿಳಿಯ ಕಾಗದದ ಮೇಲೆ ಬೀಳಿಸಿರಿ. ಕಂಡ ದುಂಡು ಬಿಂಬವು ಯಾವುದರದು? ರಂಧ್ರವು ಚೌಕವಾಗಿದ್ದರೂ ಬಿಂಬವು ದುಂಡಾಗಿರುವುದೇಕೆ? ಗ್ರಹಣದ ದಿನ ಅದು ಯಾವ ಆಕಾರವಾದೀತು?

(೨) ನಿಮ್ಮ ಮನೆಯ ಅಜ್ಜಿಯನ್ನೋ ನೆರೆಯ ಹಿರಿಯರನ್ನೋ ೧೯೮೦ರ ಗ್ರಹಣದ ದಿನ ಏನು ಮಾಡಿದರೆಂದು ಕೇಳಿ ಬರೆಯಿರಿ. ಅವರ ಭಯಕ್ಕೆ ಕಾರಣಗಳೇನಿದ್ದವೆಂದು ಗೌರವದಿಂದ ವಿಚಾರಿಸಿರಿ.

(೩) ಈ ವಾರ ನಿಮ್ಮ ಮನೆಯ ಮೊಬೈಲಿಗೆ ಬಂದ ಆರೋಗ್ಯದ ಸಲಹೆಯೊಂದನ್ನು ಆರಿಸಿ, ಮೇಲೆ ಹೇಳಿದ ಮೂರು ವಿಚಾರಗಳಿಂದ ಪರೀಕ್ಷಿಸಿ, ನಿಮ್ಮ ತೀರ್ಮಾನವನ್ನು ನಾಲ್ಕು ವಾಕ್ಯಗಳಲ್ಲಿ ಬರೆಯಿರಿ.

(೪) ಉಪ್ಪುಸಕ್ಕರೆಯ ನೀರಿನ ಅಳತೆಯನ್ನು ಪುಸ್ತಕ ನೋಡದೆ ಹೇಳಿ, ಮನೆಯವರ ಮುಂದೆ ಮಾಡಿ ತೋರಿಸಿರಿ.